ನೆಲದಡಿಯ ತೈಲದಲ್ಲಿ ಎಷ್ಟು ಮೇಲೆ ಬರುತ್ತದೆ? ಹಂತ ಹಂತವಾಗಿ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆ ಕೊರೆದು ಮಾಡಿದ ಭೂಗತ ಗುಹೆಗಳಿವೆ. ದೇಶದ ತುರ್ತು ಬಳಕೆಗೆ ಅಂತ ಅಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ತುಂಬಿಡಬಹುದು. ಅಲ್ಲಿ ಎಷ್ಟು ತೈಲ ಇದೆ ಅಂತ ಹೇಳುವುದು ಕಷ್ಟವಲ್ಲ. ಗುಹೆಯ ಅಳತೆ ಗೊತ್ತು, ಎಷ್ಟು ತುಂಬಿದ್ದಾರೆ ಅನ್ನುವುದೂ ಗೊತ್ತು. ಪಂಪ್ ಮಾಡಿದರೆ ಹೆಚ್ಚುಕಮ್ಮಿ ಎಲ್ಲವೂ ಮೇಲೆ ಬರುತ್ತದೆ.

ಪ್ರಕೃತಿ ಇಟ್ಟ ತೈಲ ಹಾಗಲ್ಲ. ರಾಜಸ್ಥಾನದ ಬಾಡ್ಮೇರ್‌ನಲ್ಲಾಗಲಿ, ಮುಂಬೈ ಹೈನಲ್ಲಾಗಲಿ, ನೆಲದಡಿ ತೈಲದ ಕೆರೆ ಇಲ್ಲ. ಇರುವುದು ಗಟ್ಟಿ ಕಲ್ಲು. ಆ ಕಲ್ಲಿನೊಳಗಿನ ಸಣ್ಣ ಸಣ್ಣ ಸಂದುಗಳಲ್ಲಿ ತೈಲ, ನೀರು, ಗ್ಯಾಸ್ ಸೇರಿಕೊಂಡಿರುತ್ತವೆ. ಅದರಲ್ಲಿ ಒಂದು ಪಾಲು ಮಾತ್ರ ಬಾವಿಗೆ ಹರಿದು ಬರುತ್ತದೆ. ಉಳಿದದ್ದು ಕಲ್ಲಿಗೆ ಅಂಟಿಕೊಂಡು ಅಲ್ಲೇ ಇರುತ್ತದೆ.

ಹಾಗಾಗಿ ಪ್ರಶ್ನೆ ಎರಡು. ಕೆಳಗೆ ಎಷ್ಟಿದೆ? ಅದರಲ್ಲಿ ಎಷ್ಟು ಮೇಲೆ ಬರುತ್ತದೆ? ಸುದ್ದಿಯಲ್ಲಿ ಇವೆರಡನ್ನೂ ಬೆರೆಸಿ ಬರೆಯುವುದು ಜಾಸ್ತಿ. ಲೆಕ್ಕ ಹಾಕುವವರು ಬೆರೆಸಬಾರದು. ಇನ್ನೂ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಲೆಕ್ಕದ ಸೂತ್ರ ತುಂಬಾ ಸುಲಭ, ಗುಣಾಕಾರ ಬಂದರೆ ಸಾಕು. ಕಷ್ಟ ಇರುವುದು ಸೂತ್ರಕ್ಕೆ ಹಾಕುವ ಒಂದೊಂದು ಅಂಕಿಯಲ್ಲಿ. ಆ ಅಂಕಿ ಎಲ್ಲಿಂದ ಬಂತು, ಎಷ್ಟು ತಪ್ಪಿರಬಹುದು ಅಂತ ಹೇಳಲಾಗದಿದ್ದರೆ ಕೊನೆಯ ಉತ್ತರಕ್ಕೆ ಬೆಲೆಯಿಲ್ಲ.

ಕಲಿಯುವುದಕ್ಕೆ ಅಂತ ಒಂದು ಕಾಲ್ಪನಿಕ ನಿಕ್ಷೇಪ ಇಟ್ಟುಕೊಳ್ಳೋಣ. ಮರಳುಗಲ್ಲಿನ ಒಂದು ಪದರ, 24 ಮೀಟರ್ ದಪ್ಪ. ಮೇಲಕ್ಕೆ ಉಬ್ಬಿದ ಗುಮ್ಮಟದ ಆಕಾರ. ಗುಮ್ಮಟದ ನೆತ್ತಿ 1507 ಮೀಟರ್ ಆಳದಲ್ಲಿದೆ. 1550 ಮೀಟರ್‌ನಿಂದ ಕೆಳಗೆ ಬರೀ ನೀರು. ಕೊನೆಯವರೆಗೂ ಇದೇ ಉದಾಹರಣೆ. ಪಕ್ಕದಲ್ಲಿ ಕ್ಯಾಲ್ಕುಲೇಟರ್ ಇರಲಿ.

ಹಂತ 1: ಕಲ್ಲಿನ ಗಾತ್ರ

ಸೈಸ್ಮಿಕ್ ಸರ್ವೆಯಿಂದ ಪದರದ ಮೇಲ್ಮೈಯ ನಕ್ಷೆ ಸಿಗುತ್ತದೆ. ಬೆಟ್ಟದ ನಕ್ಷೆಯಲ್ಲಿ ಇರುವಂಥ ಸಮಾನ ಎತ್ತರದ ಗೆರೆಗಳೇ ಇಲ್ಲೂ ಇರುತ್ತವೆ, ಆದರೆ ಅವು ಆಳದ ಗೆರೆಗಳು. ಕೊರೆದ ಬಾವಿಗಳು ಆ ಆಳ ಸರಿಯಿದೆಯೇ ಅಂತ ಹೇಳುತ್ತವೆ. ಸೈಸ್ಮಿಕ್ ಅಳೆಯುವುದು ಶಬ್ದದ ಅಲೆ ಹೋಗಿ ಬರುವ ಸಮಯವನ್ನು. ಅದನ್ನು ಮೀಟರಿಗೆ ತಿರುಗಿಸುವಾಗ ಅಲೆಯ ವೇಗ ತಪ್ಪಿದರೆ ಇಡೀ ಗುಮ್ಮಟವೇ ಮೇಲೆ ಕೆಳಗೆ ಆಗುತ್ತದೆ.

ನಮ್ಮ ನಕ್ಷೆಯಲ್ಲಿ ಒಂದೊಂದು ಗೆರೆಯ ಒಳಗಿನ ವಿಸ್ತೀರ್ಣ ಹೀಗಿದೆ: 1510 ಮೀಟರ್ ಗೆರೆಯೊಳಗೆ 0.4 ಚದರ ಕಿ.ಮೀ., 1520ರೊಳಗೆ 1.5, 1530ರೊಳಗೆ 2.7, 1540ರೊಳಗೆ 3.8, 1550ರೊಳಗೆ 5.

ಹೊಸಬರು ಇಲ್ಲಿ ಏನು ಮಾಡುತ್ತಾರೆ ಗೊತ್ತಾ? 5 ಚದರ ಕಿ.ಮೀ. ಅನ್ನು 24 ಮೀಟರ್‌ನಿಂದ ಗುಣಿಸಿ 12 ಕೋಟಿ ಘನ ಮೀಟರ್ ಅಂತ ಬರೆದುಬಿಡುತ್ತಾರೆ. ಅದು ತಪ್ಪು. ಗುಮ್ಮಟದ ಅಂಚಿನಲ್ಲಿ ಪದರದ ಮೇಲ್ಭಾಗ ಮಾತ್ರ ನೀರಿನ ಮಟ್ಟಕ್ಕಿಂತ ಮೇಲಿರುತ್ತದೆ, ಕೆಳಭಾಗ ನೀರಿನಲ್ಲಿ ಮುಳುಗಿರುತ್ತದೆ. ಅಂಚಿನಲ್ಲಿ ತೈಲ ಇರುವ ದಪ್ಪ ಕಡಿಮೆಯಾಗುತ್ತಾ ಹೋಗಿ ಸೊನ್ನೆಯಾಗುತ್ತದೆ.

ಸರಿಯಾದ ದಾರಿ ಇದು. ಅಕ್ಕಪಕ್ಕದ ಎರಡು ಗೆರೆಗಳ ವಿಸ್ತೀರ್ಣದ ಸರಾಸರಿ ತೆಗೆದು, ಅವುಗಳ ನಡುವಿನ 10 ಮೀಟರ್‌ನಿಂದ ಗುಣಿಸಿ. ನಾಲ್ಕು ಪಟ್ಟಿಗಳನ್ನೂ ಕೂಡಿದರೆ 10.7 ಕೋಟಿ ಘನ ಮೀಟರ್ ಬರುತ್ತದೆ. ನೆತ್ತಿಯ ಪುಟ್ಟ ಟೋಪಿಯನ್ನು ಶಂಕುವಿನಂತೆ ಲೆಕ್ಕ ಹಾಕಿ ಸೇರಿಸಿದರೆ 10.74. ಇದು ಮೇಲ್ಮೈಗೂ ನೀರಿನ ಮಟ್ಟಕ್ಕೂ ನಡುವಿನ ಒಟ್ಟು ಗಾತ್ರ. ಇದರಲ್ಲಿ ಪದರದ ತಳದಿಂದ ಕೆಳಗಿರುವ ಬೇರೆ ಕಲ್ಲೂ ಸೇರಿದೆ, ಅದನ್ನು ಕಳೆಯಬೇಕು. ತಳ 24 ಮೀಟರ್ ಕೆಳಗಿರುವುದರಿಂದ, ಮೇಲ್ಮೈಯಲ್ಲಿ 1526 ಮೀಟರ್‌ಗಿಂತ ಮೇಲಿರುವ ಗಾತ್ರ ಎಷ್ಟೋ ಅಷ್ಟನ್ನೇ ಕಳೆದರೆ ಸರಿ. ಅದು 2.11 ಕೋಟಿ. ಉಳಿಯುವುದು 8.63 ಕೋಟಿ ಘನ ಮೀಟರ್. 12 ಎಲ್ಲಿ, 8.63 ಎಲ್ಲಿ! ಒಂದೇ ಒಂದು ಸುಲಭದ ಗುಣಾಕಾರಕ್ಕೆ ತೈಲದ ಲೆಕ್ಕ ಶೇ. 39ರಷ್ಟು ಉಬ್ಬುತ್ತಿತ್ತು.

ನೀರಿನ ಮಟ್ಟದ ವಿಷಯದಲ್ಲಿ ಇದಕ್ಕಿಂತ ಹೆಚ್ಚು ಎಚ್ಚರ ಬೇಕು. ಬಾವಿ ಕೊರೆದಾಗ 1540 ಮೀಟರ್‌ವರೆಗೆ ತೈಲ ಕಂಡು, ಅಲ್ಲಿಗೆ ಮರಳುಗಲ್ಲು ಮುಗಿದು ಶೇಲ್ ಅನ್ನುವ ಜೇಡಿಮಣ್ಣಿನ ಕಲ್ಲು ಸಿಕ್ಕಿತು ಅಂದುಕೊಳ್ಳಿ. ಆಗ ನೀರಿನ ಮಟ್ಟ ನಿಮಗೆ ಗೊತ್ತಾಗಿಲ್ಲ. ಗೊತ್ತಿರುವುದು ಇಷ್ಟೇ: 1540ರವರೆಗೆ ತೈಲ ಇದೆ. 1550ರ ಬದಲು 1540 ಇಟ್ಟು ಇದೇ ಲೆಕ್ಕ ಮಾಡಿದರೆ 5.86 ಕೋಟಿ ಘನ ಮೀಟರ್ ಸಿಗುತ್ತದೆ. ಬರೀ 10 ಮೀಟರ್ ವ್ಯತ್ಯಾಸಕ್ಕೆ ಮೂರನೇ ಒಂದು ಭಾಗ ಹೋಯಿತು. ಇದನ್ನು ಬಗೆಹರಿಸಲು ಬಾವಿಯೊಳಗೆ ಬೇರೆ ಬೇರೆ ಆಳದಲ್ಲಿ ಒತ್ತಡ ಅಳೆಯುತ್ತಾರೆ. ಹಗುರವಾದ ತೈಲದಲ್ಲಿ ಒತ್ತಡ ಮೀಟರಿಗೆ ಸುಮಾರು 0.08 ಬಾರ್ ಏರುತ್ತದೆ, ನೀರಿನಲ್ಲಿ ಸುಮಾರು 0.1 ಬಾರ್. ಎರಡು ಗೆರೆ ಎಳೆದರೆ ಅವು ಸೇರುವ ಆಳವೇ ನೀರಿನ ಮಟ್ಟದ ಅಂದಾಜು. ಯಾವ ಬಾವಿಯೂ ಅಲ್ಲಿಯವರೆಗೆ ಹೋಗಿರದಿದ್ದರೂ ಇದು ಕೆಲಸ ಮಾಡುತ್ತದೆ.

ಹಂತ 2: ಅದರಲ್ಲಿ ಕೆಲಸಕ್ಕೆ ಬರುವ ಕಲ್ಲು ಎಷ್ಟು

24 ಮೀಟರ್ ಪೂರ್ತಿ ಒಳ್ಳೆಯ ಮರಳುಗಲ್ಲೇ ಇರುವುದಿಲ್ಲ. ನಡುನಡುವೆ ಜೇಡಿಮಣ್ಣಿನಿಂದಾದ ಶೇಲ್ ಪಟ್ಟಿಗಳು ಇರುತ್ತವೆ. ಮುಂಬೈ ಹೈನ ಎಲ್-3 ಅನ್ನುವ ಮುಖ್ಯ ಸುಣ್ಣಕಲ್ಲಿನ ನಿಕ್ಷೇಪವೂ ಹೀಗೆಯೇ, ಶೇಲ್‌ನಿಂದ ಬೇರ್ಪಟ್ಟ ಹಲವು ಪದರಗಳ ಕಟ್ಟು. ಬಾವಿಯೊಳಗೆ ಉಪಕರಣ ಇಳಿಸಿ ಆಳದುದ್ದಕ್ಕೂ ಬರೆದುಕೊಂಡ ಅಳತೆಗೆ ಲಾಗ್ ಅನ್ನುತ್ತಾರೆ. ಗಾಮಾ ರೇ ಲಾಗ್ ನೋಡಿದರೆ ಶೇಲ್ ಎಲ್ಲಿದೆ ಅಂತ ತಿಳಿಯುತ್ತದೆ, ಏಕೆಂದರೆ ಶೇಲ್‌ನಲ್ಲಿ ಸಹಜ ವಿಕಿರಣ ಜಾಸ್ತಿ. ನಮ್ಮ ನಿಕ್ಷೇಪದಲ್ಲಿ ಒಳ್ಳೆಯ ಕಲ್ಲಿನ ಪಾಲು 0.75 ಅಂತ ಇಟ್ಟುಕೊಳ್ಳೋಣ. 8.63 ಕೋಟಿ × 0.75 = 6.47 ಕೋಟಿ ಘನ ಮೀಟರ್.

ಹಂತ 3: ಪೊರಾಸಿಟಿ

ಕಲ್ಲಿನಲ್ಲಿ ಸಂದುಗಳ ಪಾಲು ಎಷ್ಟು ಅನ್ನುವುದೇ ಪೊರಾಸಿಟಿ. ಕಲ್ಲಿನ ಸಾಂದ್ರತೆ ಅಳೆಯುವ ಡೆನ್ಸಿಟಿ ಲಾಗ್‌ನಿಂದ ಇದನ್ನು ಲೆಕ್ಕ ಹಾಕಬಹುದು. ಸಂದುಗಳೇ ಇಲ್ಲದ ಗಟ್ಟಿ ಮರಳುಗಲ್ಲಿನ ಸಾಂದ್ರತೆ ಘನ ಸೆಂ.ಮೀ.ಗೆ 2.65 ಗ್ರಾಂ. ಸಂದುಗಳೊಳಗಿನ ದ್ರವದ್ದು 1.0 ಅಂತ ಹಿಡಿಯೋಣ. ಲಾಗ್ ತೋರಿಸಿದ್ದು 2.29. ಆಗ 2.65ರಿಂದ 2.29 ಕಳೆದು, ಬಂದದ್ದನ್ನು 1.65ರಿಂದ ಭಾಗಿಸಿ. 0.22, ಅಂದರೆ ಶೇ. 22.

ಅದೇ 2.29 ಅನ್ನು ಸುಣ್ಣಕಲ್ಲು ಅಂದುಕೊಂಡು 2.71 ಹಾಕಿ ಲೆಕ್ಕ ಮಾಡಿ ನೋಡಿ. ಸುಮಾರು ಶೇ. 25 ಬರುತ್ತದೆ. ಕಲ್ಲು ಯಾವುದು ಅಂತ ತಪ್ಪಾಗಿ ತಿಳಿದರೆ ಇಲ್ಲದ ತೈಲ ಕಾಗದದ ಮೇಲೆ ಹುಟ್ಟುತ್ತದೆ.

ಅದಕ್ಕೇ ಕೋರ್ ಬೇಕು. ಬಾವಿ ಕೊರೆಯುವಾಗ ಪುಡಿ ಮಾಡದೆ, ಉರುಳೆಯ ಆಕಾರದಲ್ಲಿ ಇಡಿಯಾಗಿ ತೆಗೆದ ಕಲ್ಲೇ ಕೋರ್. ಅತಿನೇರಳೆ ದೀಪದ ಕೆಳಗೆ ಇಟ್ಟರೆ ತೈಲ ಇರುವ ಭಾಗ ಹಳದಿ, ಕಿತ್ತಳೆ ಅಥವಾ ನೀಲಿ ಬಿಳುಪಿನಲ್ಲಿ ಹೊಳೆಯುತ್ತದೆ, ನಡುವಿನ ಶೇಲ್ ಪಟ್ಟಿ ಕಪ್ಪಗೇ ಉಳಿಯುತ್ತದೆ. ಅದರಿಂದ ಹೆಬ್ಬೆರಳಿನಷ್ಟು ದಪ್ಪದ ಪ್ಲಗ್‌ಗಳನ್ನು ಕೊರೆದು ತೆಗೆಯುತ್ತಾರೆ. ಸಾಲ್ವೆಂಟ್‌ನಲ್ಲಿ ತೊಳೆದು, ಒಣಗಿಸಿ, ಹೀಲಿಯಂ ಗ್ಯಾಸ್ ತುಂಬಿಸಿ ಸಂದುಗಳ ಗಾತ್ರ ಅಳೆಯುತ್ತಾರೆ. ಲಾಗ್ ಹೇಳಿದ್ದಕ್ಕೂ ಪ್ಲಗ್ ಹೇಳಿದ್ದಕ್ಕೂ ಹೊಂದಾಣಿಕೆ ಆಗುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ. ಕೋರ್ ತೆಗೆಯಲು ದುಡ್ಡು, ಸಮಯ ಎರಡೂ ಜಾಸ್ತಿ. ಆದರೂ ಅದನ್ನು ಉಳಿತಾಯದ ಪಟ್ಟಿಗೆ ಸೇರಿಸುವುದು ದೊಡ್ಡ ನಷ್ಟ ಅಂತಲೇ ನನ್ನ ಅಭಿಪ್ರಾಯ.

6.47 ಕೋಟಿ × 0.22 = 1.42 ಕೋಟಿ ಘನ ಮೀಟರ್. ಸಂದುಗಳ ಒಟ್ಟು ಗಾತ್ರ ಇಷ್ಟು.

ಹಂತ 4: ಸಂದಿನಲ್ಲಿ ನೀರೆಷ್ಟು, ತೈಲವೆಷ್ಟು

ಈ ಪದರಕ್ಕೆ ತೈಲ ಬರುವುದಕ್ಕೆ ಮೊದಲು ಉಪ್ಪುನೀರಿತ್ತು. ಆ ನೀರು ಪೂರ್ತಿ ಹೋಗಿರುವುದಿಲ್ಲ. ಉಪ್ಪುನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ತೈಲದಲ್ಲಿ ಹರಿಯುವುದಿಲ್ಲ. ಈ ಒಂದು ಗುಣ ಹಿಡಿದು 1942ರಲ್ಲಿ ಗಸ್ ಆರ್ಚಿ ಕೊಟ್ಟ ಸೂತ್ರವನ್ನು ಇವತ್ತಿಗೂ ಬಳಸುತ್ತಾರೆ.

ಅದರ ಸರಳ ರೂಪ: ಪದರದ ನೀರಿನ ವಿದ್ಯುತ್ ರೋಧಕತೆಯನ್ನು, ಪೊರಾಸಿಟಿಯ ವರ್ಗ ಮತ್ತು ಕಲ್ಲಿನ ರೋಧಕತೆ ಇವುಗಳ ಗುಣಲಬ್ಧದಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ನೀರಿನದು 0.05 ಓಮ್-ಮೀಟರ್, ಲಾಗ್‌ನಲ್ಲಿ ಕಂಡ ಕಲ್ಲಿನದು 11.5 ಅಂದರೆ ಉತ್ತರ 0.30. ಸಂದುಗಳಲ್ಲಿ ಶೇ. 30 ನೀರು, ಶೇ. 70 ತೈಲ. ನೀರಿನ ರೋಧಕತೆ 0.05 ಅಲ್ಲ, 0.08 ಆಗಿದ್ದರೆ? ನೀರು ಶೇ. 38ಕ್ಕೆ ಏರುತ್ತದೆ. ಅದಕ್ಕೇ ಪದರದ ನೀರಿನ ಒಂದು ಶುದ್ಧ ಸ್ಯಾಂಪಲ್ ಸಿಕ್ಕರೆ ಅದಕ್ಕೆ ಬಹಳ ಬೆಲೆ. ಸೂತ್ರದಲ್ಲಿರುವ ವರ್ಗ, ವರ್ಗಮೂಲಗಳೂ ಎಲ್ಲ ಕಲ್ಲಿಗೂ ಹಾಗೆಯೇ ಹೊಂದುವುದಿಲ್ಲ. ಶೇಲ್ ಬೆರೆತ ಮರಳುಗಲ್ಲಿಗೆ, ಬಿರುಕುಬಿಟ್ಟ ಸುಣ್ಣಕಲ್ಲಿಗೆ ಬೇರೆ ತಿದ್ದುಪಡಿಗಳಿವೆ.

ಸಂದುಗಳ 1.42 ಕೋಟಿಯಲ್ಲಿ ಶೇ. 70 ಅಂದರೆ ಸುಮಾರು 1 ಕೋಟಿ ಘನ ಮೀಟರ್ ತೈಲ.

ಹಂತ 5: ಮೇಲೆ ಬಂದಾಗ ಕುಗ್ಗುವ ತೈಲ

ಆಳದಲ್ಲಿ ಒತ್ತಡ ಜಾಸ್ತಿ, ತೈಲದೊಳಗೆ ಗ್ಯಾಸ್ ಕರಗಿರುತ್ತದೆ. ಗೋಲಿ ಸೋಡಾದ ಗೋಲಿ ಒತ್ತಿದಾಗ ಆಗುವುದೇ ಇಲ್ಲೂ ಆಗುತ್ತದೆ. ಒತ್ತಡ ಇಳಿದ ಹಾಗೆ ಗ್ಯಾಸ್ ಹೊರಬರುತ್ತದೆ, ಉಳಿದ ತೈಲದ ಗಾತ್ರ ಕುಗ್ಗುತ್ತದೆ. ಒತ್ತಡ ಕಾಯ್ದುಕೊಂಡು ತಂದ ತೈಲದ ಸ್ಯಾಂಪಲ್‌ನ್ನು ಲ್ಯಾಬ್‌ನಲ್ಲಿ ಪರೀಕ್ಷಿಸಿ ಈ ಕುಗ್ಗುವಿಕೆ ಅಳೆಯುತ್ತಾರೆ. ನಮ್ಮದು 1.25. ಅಂದರೆ ಕೆಳಗಿನ 1.25 ಬ್ಯಾರಲ್, ಟ್ಯಾಂಕ್‌ನಲ್ಲಿ 1 ಬ್ಯಾರಲ್. 1.25ರಿಂದ ಭಾಗಿಸಿದರೆ ಸುಮಾರು 80 ಲಕ್ಷ ಘನ ಮೀಟರ್. ಒಂದು ಘನ ಮೀಟರ್‌ಗೆ 6.29 ಬ್ಯಾರಲ್. ಹಾಗಾಗಿ ನೆಲದಡಿ ಇರುವ ತೈಲ ಸುಮಾರು 5 ಕೋಟಿ ಬ್ಯಾರಲ್.

ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಇದು ಮಾರಬಹುದಾದ ತೈಲವಲ್ಲ ಅನ್ನುವುದು ಮಾತ್ರ ನೆನಪಿರಲಿ.

ಹಂತ 6: ರಿಕವರಿ ಫ್ಯಾಕ್ಟರ್

ಕೆಳಗಿರುವ ತೈಲದಲ್ಲಿ ಮೇಲೆ ಬರುವ ಪಾಲೇ ರಿಕವರಿ ಫ್ಯಾಕ್ಟರ್. ಅಭಿಪ್ರಾಯಭೇದ ಹೆಚ್ಚು ಇರುವುದು ಇಲ್ಲೇ. ತೈಲವನ್ನು ಬಾವಿಯ ಕಡೆಗೆ ತಳ್ಳುವ ಶಕ್ತಿ ಯಾವುದು ಅನ್ನುವುದೇ ಮೊದಲ ವಿಚಾರ. ಕರಗಿದ ಗ್ಯಾಸ್ ಒಂದನ್ನೇ ನಂಬಿದರೆ ಸಾಮಾನ್ಯವಾಗಿ ಶೇ. 5ರಿಂದ 30. ತೈಲದ ಮೇಲೆ ಗ್ಯಾಸ್‌ನ ಟೋಪಿ ಇದ್ದರೆ ಶೇ. 20ರಿಂದ 40. ಕೆಳಗಿನ ನೀರು ಬಲವಾಗಿ ಒತ್ತುತ್ತಿದ್ದರೆ ಶೇ. 35ರಿಂದ ಮೇಲೆ, ಒಳ್ಳೆಯ ಕಲ್ಲಿನಲ್ಲಿ ಶೇ. 70ರವರೆಗೂ ಹೋಗಬಹುದು. ಪಠ್ಯಪುಸ್ತಕದ ಈ ಅಂಕಿಗಳು ದಿಕ್ಕು ತೋರಿಸಲು ಸಾಕು. ಸುಮ್ನೆ ಅದರಿಂದ ಒಂದನ್ನು ಎತ್ತಿ ಹಾಕಿದರೆ ಲೆಕ್ಕ ಆಗುವುದಿಲ್ಲ.

ಬಿಡಿಸಿ ನೋಡಿ. ನೀರು ತಳ್ಳುತ್ತಾ ಹೋದ ಜಾಗದಲ್ಲಿ ಎಷ್ಟು ತೈಲ ಹೊರಡುತ್ತದೆ? ಮೊದಲು 0.70 ಇತ್ತು, ಕೋರ್ ಪರೀಕ್ಷೆಯಲ್ಲಿ 0.28 ಅಂಟಿಕೊಂಡೇ ಉಳಿಯಿತು ಅಂದರೆ ಹೊರಟದ್ದು ಶೇ. 60. ಆದರೆ ನೀರು ಎಲ್ಲ ಜಾಗಕ್ಕೂ ತಲುಪುವುದಿಲ್ಲ. ನಕ್ಷೆಯಲ್ಲಿ ನೋಡಿದಾಗ ಶೇ. 75 ಜಾಗ, ಮೇಲಿನಿಂದ ಕೆಳಗಿನ ದಪ್ಪದಲ್ಲಿ ಶೇ. 75 ತಲುಪಿತು ಅಂದುಕೊಳ್ಳೋಣ. 0.60 × 0.75 × 0.75 = 0.34. ಐದು ಕೋಟಿಯಲ್ಲಿ 1.7 ಕೋಟಿ ಬ್ಯಾರಲ್.

ಹೀಗೆ ಬಿಡಿಸಿದಾಗ ಯಾವುದನ್ನು ಸುಧಾರಿಸಬಹುದು ಅನ್ನುವುದೂ ಕಾಣುತ್ತದೆ. ಬಾಡ್ಮೇರ್‌ನ ಮಂಗಲಾ ನಿಕ್ಷೇಪ ಸಿಕ್ಕಿದ್ದು 2004ರಲ್ಲಿ, ಉತ್ಪಾದನೆ ಶುರುವಾಗಿದ್ದು 2009ರಲ್ಲಿ. ಕಲ್ಲು ತುಂಬಾ ಒಳ್ಳೆಯದು, ತೈಲ ಮಾತ್ರ ಮೇಣದಂಶ ತುಂಬಿದ್ದು. ತಣ್ಣಗಾದರೆ ಗಟ್ಟಿಯಾಗುತ್ತದೆ ಅಂತ ಕೊಳವೆಯುದ್ದಕ್ಕೂ ಬಿಸಿ ಮಾಡುತ್ತಾ ಗುಜರಾತಿನ ಕರಾವಳಿಗೆ ಸಾಗಿಸುತ್ತಾರೆ. ನೆಲದಡಿಯಲ್ಲೂ ಅದು ನೀರಿಗಿಂತ ಬಹಳ ಮಂದ. ಮಂದ ತೈಲವನ್ನು ತೆಳು ನೀರು ಸಮನಾಗಿ ತಳ್ಳುವುದಿಲ್ಲ, ನಡುವೆ ದಾರಿ ಮಾಡಿಕೊಂಡು ನೇರವಾಗಿ ಬಾವಿಗೆ ನುಗ್ಗುತ್ತದೆ. ಅದಕ್ಕೆ ನೀರಿಗೆ ಪಾಲಿಮರ್ ಬೆರೆಸಿ, ನೀರನ್ನೇ ಮಂದ ಮಾಡಿ ಒಳಗೆ ಬಿಟ್ಟರು. ಇದರಿಂದ ಸುಧಾರಿಸುವುದು ಮುಖ್ಯವಾಗಿ ತಲುಪುವಿಕೆ.

ಅಲಾಸ್ಕದ ಪ್ರೂಡೋ ಬೇಯಲ್ಲಿ 1977ರಲ್ಲಿ ಉತ್ಪಾದನೆ ಶುರುವಾದಾಗ 960 ಕೋಟಿ ಬ್ಯಾರಲ್ ಸಿಗಬಹುದು ಅಂತ ಅಂದಾಜಿತ್ತು. ಈಗಾಗಲೇ 1,200 ಕೋಟಿ ದಾಟಿದೆ. ಕೆಳಗಿನ ತೈಲ ಹೆಚ್ಚಾಗಲಿಲ್ಲ. ಗ್ಯಾಸ್ ಮತ್ತೆ ಒಳಗೆ ಬಿಡುವುದು, ನೀರು ತುಂಬುವುದು, ಅಡ್ಡಡ್ಡ ಕೊರೆಯುವ ಬಾವಿಗಳು, ಇವೆಲ್ಲ ಸೇರಿ ರಿಕವರಿ ಏರಿತು.

ಹಂತ 7: ಒಂದು ಅಂಕಿ ಬಿಡಿ, ವ್ಯಾಪ್ತಿ ಕೊಡಿ

ಪ್ರತಿ ಅಂಕಿಗೂ ಒಂದು ಕನಿಷ್ಠ, ಒಂದು ಗರಿಷ್ಠ ಬರೆಯಿರಿ. ಗಾತ್ರ 7.3ರಿಂದ 10.2 ಕೋಟಿ ಘನ ಮೀಟರ್, ಒಳ್ಳೆಯ ಕಲ್ಲು 0.68ರಿಂದ 0.82, ಪೊರಾಸಿಟಿ 0.19ರಿಂದ 0.25, ತೈಲದ ಪಾಲು 0.62ರಿಂದ 0.76, ರಿಕವರಿ 0.25ರಿಂದ 0.45. ಕನಿಷ್ಠ ಅಂದರೆ ಅದಕ್ಕಿಂತ ಕಡಿಮೆ ಇರುವ ಸಾಧ್ಯತೆ ಹತ್ತಕ್ಕೆ ಒಂದು. ಗರಿಷ್ಠವೂ ಹಾಗೆಯೇ, ಅದನ್ನು ಮೀರುವ ಸಾಧ್ಯತೆ ಹತ್ತಕ್ಕೆ ಒಂದು.

ಎಲ್ಲ ಕನಿಷ್ಠಗಳನ್ನು ಗುಣಿಸಿ, ಮೊದಲಿನಂತೆ 1.25ರಿಂದ ಭಾಗಿಸಿ ಬ್ಯಾರಲ್‌ಗೆ ತಿರುಗಿಸಿದರೆ 0.74 ಕೋಟಿ ಬ್ಯಾರಲ್. ಎಲ್ಲ ಗರಿಷ್ಠಗಳನ್ನು ಹಾಗೆಯೇ ಮಾಡಿದರೆ 3.6 ಕೋಟಿ. ಇದನ್ನೇ ಕನಿಷ್ಠ, ಗರಿಷ್ಠ ಅಂತ ವರದಿಯಲ್ಲಿ ಬರೆಯುವವರಿದ್ದಾರೆ. ಆದರೆ ಒಂದಕ್ಕೊಂದು ಸಂಬಂಧವಿಲ್ಲದ ಐದೂ ಅಂಕಿಗಳು ಒಟ್ಟಿಗೆ ಅಷ್ಟು ಕೆಟ್ಟದಾಗಿರುವ ಸಾಧ್ಯತೆ ಲಕ್ಷಕ್ಕೆ ಒಂದು. ಹಾಗಾಗಿ ಮಾಂಟೆ ಕಾರ್ಲೊ ಲೆಕ್ಕ ಮಾಡುತ್ತಾರೆ. ಕಂಪ್ಯೂಟರ್ ಪ್ರತಿ ವ್ಯಾಪ್ತಿಯಿಂದ ಒಂದೊಂದು ಅಂಕಿ ಆರಿಸಿ ಗುಣಿಸುತ್ತದೆ, ಹೀಗೆ ಸಾವಿರಾರು ಸಲ. ಒಂದು ಸ್ಪ್ರೆಡ್‌ಶೀಟ್ ಸಾಕು. ನಮ್ಮ ಅಂಕಿಗಳಿಗೆ ಸುಮಾರಾಗಿ ಬರುವುದು ಇಷ್ಟು: ಶೇ. 90 ಖಾತ್ರಿಯಿಂದ 1.1 ಕೋಟಿ ಬ್ಯಾರಲ್‌ಗಿಂತ ಹೆಚ್ಚು, ಶೇ. 50 ಖಾತ್ರಿಯಿಂದ 1.6 ಕೋಟಿಗಿಂತ ಹೆಚ್ಚು, ಶೇ. 10 ಖಾತ್ರಿಯಿಂದ 2.4 ಕೋಟಿಗಿಂತ ಹೆಚ್ಚು. ಇವನ್ನೇ ಪಿ90, ಪಿ50, ಪಿ10 ಅನ್ನುತ್ತಾರೆ. ಪಿ90 ಅಂದರೆ ಕಡಿಮೆ ಅಂಕಿ, ತಲೆಕೆಳಗು ಮಾಡಿಕೊಳ್ಳಬೇಡಿ.

ಇನ್ನೊಂದು ಎಚ್ಚರಿಕೆ. ಪೊರಾಸಿಟಿ ಚೆನ್ನಾಗಿರುವ ಕಲ್ಲಿನಲ್ಲಿ ಸಾಮಾನ್ಯವಾಗಿ ತೈಲದ ಪಾಲೂ ಜಾಸ್ತಿ. ಅವೆರಡೂ ಜೊತೆಜೊತೆಗೆ ಏರುತ್ತವೆ, ಇಳಿಯುತ್ತವೆ. ಆ ಸಂಬಂಧ ಹಾಕದಿದ್ದರೆ ವ್ಯಾಪ್ತಿ ನಿಜಕ್ಕಿಂತ ಕಿರಿದಾಗಿ ಕಾಣುತ್ತದೆ.

ಹಂತ 8: ಉತ್ಪಾದನೆ ಶುರುವಾದ ಮೇಲೆ ಒತ್ತಡದ ಸಾಕ್ಷಿ

ಇಲ್ಲಿಯವರೆಗಿನದು ನಕ್ಷೆಯ ಲೆಕ್ಕ. ತೈಲ ತೆಗೆಯತೊಡಗಿದ ಮೇಲೆ ನಿಕ್ಷೇಪವೇ ಮಾತಾಡುತ್ತದೆ. ತೈಲ ತೆಗೆದ ಹಾಗೆ ಒತ್ತಡ ಇಳಿಯುತ್ತದೆ. ನಿಕ್ಷೇಪ ದೊಡ್ಡದಾದಷ್ಟೂ ಇಳಿಯುವುದು ನಿಧಾನ. ಇದನ್ನೇ ಮೆಟೀರಿಯಲ್ ಬ್ಯಾಲೆನ್ಸ್ ಅನ್ನುತ್ತಾರೆ. 1936ರಲ್ಲಿ ಶಿಲ್ತೂಯಿಸ್ ಇದನ್ನು ಸಮೀಕರಣವಾಗಿ ಬರೆದರು.

ಗ್ಯಾಸ್ ಇನ್ನೂ ತೈಲದಿಂದ ಬಿಡಿಸಿಕೊಳ್ಳದ ಮೊದಲ ದಿನಗಳಲ್ಲಿ ಲೆಕ್ಕ ಸುಲಭ. ತೆಗೆದ ತೈಲವನ್ನು, ಕಲ್ಲು ಮತ್ತು ದ್ರವಗಳ ಒಟ್ಟು ಕುಗ್ಗುವ ಗುಣ ಹಾಗೂ ಒತ್ತಡದ ಇಳಿಕೆಯ ಗುಣಲಬ್ಧದಿಂದ ಭಾಗಿಸಿ. ಪ್ರತಿ ಬಾರ್‌ಗೆ 0.00025 ಕುಗ್ಗುತ್ತದೆ, 3.75 ಲಕ್ಷ ಬ್ಯಾರಲ್ ತೆಗೆದಿದ್ದೇವೆ, ಒತ್ತಡ 30 ಬಾರ್ ಇಳಿದಿದೆ. ಉತ್ತರ 5 ಕೋಟಿ ಬ್ಯಾರಲ್. ನಕ್ಷೆಯ ಲೆಕ್ಕಕ್ಕೆ ಹೊಂದಿತು. 45 ಬಾರ್ ಇಳಿದಿದ್ದರೆ 3.3 ಕೋಟಿ ಮಾತ್ರ. ಆಗ ಪದರದ ಮಧ್ಯೆ ಎಲ್ಲೋ ಒಂದು ಬಿರುಕು ಗೋಡೆಯಂತೆ ನಿಂತು, ಆಚೆಯ ತೈಲ ನಿಮ್ಮ ಬಾವಿಗೆ ಬರುತ್ತಿಲ್ಲದಿರಬಹುದು. 15 ಬಾರ್ ಮಾತ್ರ ಇಳಿದಿದ್ದರೆ 10 ಕೋಟಿ ಅಂತ ಬರುತ್ತದೆ. ಖುಷಿಪಡುವ ಮೊದಲು ಕೆಳಗಿನಿಂದ ನೀರು ಬಂದು ಒತ್ತಡ ಹಿಡಿದಿದೆಯೇ ನೋಡಿ. ಬಹಳ ಸಲ ಅದೇ ಕಾರಣ.

ಹಂತ 9: ಇಳಿಮುಖದ ಗೆರೆ

ಉತ್ಪಾದನೆ ಏರಿ, ನಿಂತು, ಇಳಿಯತೊಡಗಿದ ಮೇಲೆ 1945ರಲ್ಲಿ ಆರ್ಪ್ಸ್ ಕೊಟ್ಟ ಸೂತ್ರಗಳು ಬೇಕಾಗುತ್ತವೆ. ನಮ್ಮ ನಿಕ್ಷೇಪ ಇದುವರೆಗೆ 60 ಲಕ್ಷ ಬ್ಯಾರಲ್ ಕೊಟ್ಟಿದೆ. ಈಗ ದಿನಕ್ಕೆ 4,000 ಬ್ಯಾರಲ್. 400ಕ್ಕೆ ಇಳಿದರೆ ಖರ್ಚು ಹುಟ್ಟುವುದಿಲ್ಲ. ಇಳಿಕೆಯ ದರ ವರ್ಷಕ್ಕೆ 0.12. 4,000ದಿಂದ 400 ಕಳೆದು, 365ರಿಂದ ಗುಣಿಸಿ, 0.12ರಿಂದ ಭಾಗಿಸಿ. ಇನ್ನು ಬರುವುದು 1.1 ಕೋಟಿ ಬ್ಯಾರಲ್, 19 ವರ್ಷದಲ್ಲಿ. ಹಳೆಯದನ್ನು ಕೂಡಿದರೆ 1.7 ಕೋಟಿ.

ಇಳಿಕೆ ಬರಬರುತ್ತಾ ನಿಧಾನವಾಗುತ್ತದೆ ಅಂತ ಹಿಡಿದು, ಹೈಪರ್ಬೋಲಿಕ್ ಗೆರೆಯಲ್ಲಿ ಘಾತ 0.5 ಹಾಕಿದರೆ ಅದೇ ನಿಕ್ಷೇಪ ಇನ್ನೂ 1.66 ಕೋಟಿ ಕೊಡುತ್ತದೆ, 36 ವರ್ಷದಲ್ಲಿ. ಮೊದಲ ಕೆಲವು ವರ್ಷಗಳಲ್ಲಿ ಎರಡು ಗೆರೆಗಳೂ ಹೆಚ್ಚುಕಮ್ಮಿ ಒಂದರ ಮೇಲೊಂದು ಕೂರುತ್ತವೆ. ಹಾಗಿದ್ದಾಗ ದೊಡ್ಡ ಅಂಕಿಯನ್ನು ಆರಿಸಲು ನಿಮ್ಮ ಹತ್ತಿರ ಬೇರೆ ಸಾಕ್ಷಿ ಇರಬೇಕು. ಬಾವಿಗಳನ್ನು ನಡುವೆ ಮುಚ್ಚಿದ್ದರೆ, ಪಂಪ್ ಬದಲಿಸಿದ್ದರೆ ಆ ತಿಂಗಳುಗಳನ್ನು ಬೇರೆ ಇಡಿ.

ಹಂತ 10: ಯಾವುದನ್ನು ರಿಸರ್ವ್ ಅನ್ನಬಹುದು

ಪೆಟ್ರೋಲಿಯಂ ಎಂಜಿನಿಯರ್‌ಗಳ ಸಂಘ ಎಸ್‌ಪಿಇ ಮತ್ತು ಜೊತೆಯ ಸಂಸ್ಥೆಗಳು 2007ರಲ್ಲಿ ತಂದು, 2018ರಲ್ಲಿ ಪರಿಷ್ಕರಿಸಿದ ಪಿಆರ್‌ಎಂಎಸ್ ಅನ್ನುವ ವ್ಯವಸ್ಥೆ ಇದೆ. ಅದರ ಪ್ರಕಾರ ರಿಸರ್ವ್ ಅನ್ನಲು ನಾಲ್ಕು ಷರತ್ತು: ಬಾವಿ ಕೊರೆದು ಕಂಡಿರಬೇಕು, ಮೇಲೆ ತರಲು ಆಗಬೇಕು, ತಂದರೆ ಲಾಭ ಇರಬೇಕು, ಇನ್ನೂ ತೆಗೆಯದೆ ಉಳಿದಿರಬೇಕು. ಅನುಮತಿಯೋ, ಮಾರುಕಟ್ಟೆಯೋ, ಹೂಡಿಕೆಯ ನಿರ್ಧಾರವೋ ಬಾಕಿಯಿದ್ದರೆ ಅದು ರಿಸರ್ವ್ ಅಲ್ಲ, ಕಂಟಿಂಜೆಂಟ್ ರಿಸೋರ್ಸ್. ರಿಸರ್ವ್ ಒಳಗೆ ಪಿ90ಕ್ಕೆ 1ಪಿ, ಪಿ50ಕ್ಕೆ 2ಪಿ, ಪಿ10ಕ್ಕೆ 3ಪಿ.

ಈ ಗೆರೆ ದಾಟಿದರೆ ಏನಾಗುತ್ತದೆ ಅನ್ನುವುದಕ್ಕೆ ಶೆಲ್ ಕಂಪನಿಯ ಉದಾಹರಣೆ ಇದೆ. 2004ರ ಜನವರಿಯಲ್ಲಿ ಅದು ತನ್ನ ಖಚಿತ (ಪ್ರೂವ್ಡ್) ರಿಸರ್ವ್‌ನಿಂದ 390 ಕೋಟಿ ಬ್ಯಾರಲ್‌ಗೆ ಸಮನಾದಷ್ಟು ತೈಲ, ಗ್ಯಾಸ್ ತೆಗೆದುಹಾಕಿತು. ಅದು ಒಟ್ಟಿನ ಸುಮಾರು ಶೇ. 20. ಮಾರ್ಚ್‌ನಲ್ಲಿ ಅಧ್ಯಕ್ಷರು ಹುದ್ದೆ ಬಿಟ್ಟರು. ಅಮೆರಿಕದಲ್ಲಿ 12 ಕೋಟಿ ಡಾಲರ್, ಬ್ರಿಟನ್‌ನಲ್ಲಿ 1.7 ಕೋಟಿ ಪೌಂಡ್ ದಂಡ ಕಟ್ಟಬೇಕಾಯಿತು.

ವರದಿ ಬರೆಯುವಾಗ ಇದುವರೆಗೆ ತೆಗೆದ ತೈಲವನ್ನು ಕಳೆಯಲು ಮರೆಯಬೇಡಿ. ನಮ್ಮ ನಿಕ್ಷೇಪದ ಪಿ50 1.6 ಕೋಟಿ, ತೆಗೆದದ್ದು 60 ಲಕ್ಷ. ಹಾಗಾಗಿ 2ಪಿ ರಿಸರ್ವ್ 1 ಕೋಟಿ ಬ್ಯಾರಲ್. ಅಂಕಿಯ ಪಕ್ಕದಲ್ಲಿ ದಿನಾಂಕ ಹಾಕಿ, ಹಿಡಿದ ತೈಲದ ಬೆಲೆ ಬರೆಯಿರಿ. ವರ್ಷಕ್ಕೊಮ್ಮೆ ಲೆಕ್ಕ ಮತ್ತೆ ಮಾಡಿ, ಹಿಂದಿನ ಅಂಕಿಗೂ ಹೊಸದಕ್ಕೂ ಇರುವ ವ್ಯತ್ಯಾಸದಲ್ಲಿ ತೆಗೆದ ತೈಲ ಎಷ್ಟು, ಹೊಸ ಬಾವಿಯಿಂದ ತಿಳಿದದ್ದು ಎಷ್ಟು, ಬೆಲೆಯಿಂದ ಆದದ್ದು ಎಷ್ಟು ಅಂತ ಬೇರೆ ಬೇರೆ ಸಾಲಿನಲ್ಲಿ ತೋರಿಸಿ.